ಅತ್ತೆಯ ಕಮಟು ಬೆಣ್ಣೆ, ನನ್ನ ಕರುಳು

ನಾನು ಕೆಲಸ ಮಾಡುವ ಕಡೆ ತುಪ್ಪವನ್ನು ಯಾರೂ ರುಚಿ ನೋಡಿ ಒಪ್ಪುವುದಿಲ್ಲ. ಸೋಮನಹಳ್ಳಿಯಲ್ಲಿ ಹೆದ್ದಾರಿಗೆ ಹತ್ತಿರವಿರುವ ಸಣ್ಣ ಕಾರ್ಖಾನೆ ಅದು. ಟ್ಯಾಂಕರಿನಲ್ಲಿ, ಡ್ರಮ್ಮುಗಳಲ್ಲಿ ತುಪ್ಪ ಬರುತ್ತದೆ, ಪೊಟ್ಟಣಗಳಲ್ಲಿ ಹೊರಗೆ ಹೋಗುತ್ತದೆ. ನಡುವೆ ಒಂದು ಲ್ಯಾಬ್ ಇದೆ, ಅಲ್ಲಿ ನಾನಿದ್ದೇನೆ. ತುಪ್ಪವನ್ನು ಕ್ಷಾರದಲ್ಲಿ ಕುದಿಸಿ, ಆಮ್ಲ ಹಾಕಿ, ಬಟ್ಟಿ ಇಳಿಸುತ್ತೇನೆ. ಇಳಿದ ನೀರಿನಲ್ಲಿ ಎಷ್ಟು ಆಮ್ಲವಿದೆ ಎಂದು ಬ್ಯೂರೆಟ್ಟಿನ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಕ್ಷಾರ ಬಿಟ್ಟು, ಬಣ್ಣ ತಿರುಗುವವರೆಗೆ ಅಳೆಯುತ್ತೇನೆ. ಅದರಲ್ಲಿ ಮುಖ್ಯವಾದದ್ದು ಬ್ಯುಟಿರಿಕ್ ಆಮ್ಲ. ಹಸು, ಎಮ್ಮೆಯ ಹಾಲಿನ ಕೊಬ್ಬಿನಲ್ಲಿ ಅದಿರುತ್ತದೆ. ಪಾಮ್ ಎಣ್ಣೆಯಲ್ಲಿ ಇರುವುದಿಲ್ಲ. ಅಳತೆ ಕಡಿಮೆ ಬಂದರೆ ತುಪ್ಪಕ್ಕೆ ಇನ್ನೇನೋ ಬೆರೆತಿದೆ ಎಂದು ಅನುಮಾನ ಪಡುತ್ತೇವೆ.

ಕೊಬ್ಬಿನೊಳಗೆ ಕಟ್ಟಿಕೊಂಡಿರುವಷ್ಟು ಕಾಲ ಈ ಆಮ್ಲಕ್ಕೆ ವಾಸನೆಯಿಲ್ಲ. ಬಿಡಿಯಾದಾಗ ಮಾತ್ರ ಅದು ತನ್ನ ಗುಣ ತೋರಿಸುತ್ತದೆ. ಬೆಣ್ಣೆಯನ್ನು ಬಹಳ ದಿನ ಇಟ್ಟರೆ ಬರುತ್ತದಲ್ಲ ಕಮಟು ವಾಸನೆ, ಅದು ಇದೇ. ಎಳೆಮಗು ಹಾಲು ಕಕ್ಕಿದ ಬಟ್ಟೆಯಲ್ಲಿ ಉಳಿಯುವ ವಾಸನೆಯೂ ಹೆಚ್ಚುಕಡಿಮೆ ಇದೇ. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಮೊದಲು ತಮ್ಮ ಚೀಲ ಮೂಸಿಕೊಳ್ಳುತ್ತಾರೆ, ಆಮೇಲೆ ನನ್ನ ಕಡೆ ನೋಡುತ್ತಾರೆ, ಆಮೇಲೆ ಬೇರೆ ಸೀಟು ಹುಡುಕುತ್ತಾರೆ. ನಾನು ಕಿಟಕಿಯ ಹೊರಗೆ ನೋಡುತ್ತೇನೆ. ಈ ಕೆಲಸ ನನಗೆ ಇಷ್ಟ. ಒಂದು ಹನಿಗೆ ಬಣ್ಣ ತಿರುಗುವ ಕ್ಷಣ ಇಷ್ಟ. ಯಾರೂ ಮಾತಾಡಿಸದ ಆ ಕೋಣೆ ಇಷ್ಟ.

ವಾರವೆಲ್ಲ ಮದ್ದೂರಿನ ಬಾಡಿಗೆ ಕೋಣೆಯಲ್ಲಿರುತ್ತೇನೆ. ಶನಿವಾರ ಸಂಜೆ ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ನಮ್ಮೂರು ಪೂರಿಗಾಲಿಗೆ ಹೋಗುತ್ತೇನೆ, ಸೋಮವಾರ ಬೆಳಿಗ್ಗೆ ಹೊರಡುತ್ತೇನೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇರುವ ಈ ಅತ್ತೆಯೇ ಮನೆಯ ಯಜಮಾನಿ. ಕಾಗದದಲ್ಲಿ ಮನೆ ಅಪ್ಪನದು. ಆದರೆ ಹಸುವಿನ ಹಾಲು ಎಷ್ಟು ಡೈರಿಗೆ, ಎಷ್ಟು ಮನೆಗೆ ಎನ್ನುವುದರಿಂದ ಹಿಡಿದು ರೇಷ್ಮೆಗೂಡನ್ನು ಯಾವ ದಿನ ಮಾರುಕಟ್ಟೆಗೆ ಒಯ್ಯಬೇಕು ಎನ್ನುವವರೆಗೆ ತೀರ್ಮಾನ ಅತ್ತೆಯದು.

ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೆ ನನಗೆ ಮಲದ ಜೊತೆ ರಕ್ತ ಹೋಗಲು ಶುರುವಾಯಿತು. ಮೊದಮೊದಲು ಮೂಲವ್ಯಾಧಿ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಮೈ ಇಳಿಯಿತು, ಮೆಟ್ಟಿಲು ಹತ್ತಿದರೆ ಏದುಸಿರು. ಕೊನೆಗೆ ಮಂಡ್ಯದ ಒಬ್ಬ ಡಾಕ್ಟರು ಕರುಳಿಗೆ ಕ್ಯಾಮೆರಾ ಬಿಟ್ಟು ನೋಡಿ ಅಲ್ಸರೇಟಿವ್ ಕೊಲೈಟಿಸ್ ಎಂದರು. ದೊಡ್ಡ ಕರುಳಿನ ಒಳಪದರ ಕೆಂಪಾಗಿ, ಊದಿ, ಹುಣ್ಣಾಗುವ ಕಾಯಿಲೆ. ಯಾಕೆ ಬರುತ್ತದೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ಹುಣ್ಣನ್ನು ತಣ್ಣಗಿಡಬಹುದು, ಬೇರುಸಹಿತ ಕೀಳಲಾಗದು ಎಂದರು. ಚೆನ್ನಾಗಿದ್ದರೂ ಮಾತ್ರೆ ಬಿಡಬಾರದು ಎಂದೂ ಹೇಳಿದರು.

ಆ ಡಾಕ್ಟರು ಹೇಳಿದ ಒಂದು ಮಾತಿಗೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ ಬ್ಯುಟಿರಿಕ್ ಆಮ್ಲವಂತೆ. ರಕ್ತ ಹೊತ್ತು ತರುವ ಸಕ್ಕರೆಗಿಂತ ಅವು ಇದನ್ನೇ ಹೆಚ್ಚು ನೆಚ್ಚಿಕೊಂಡಿವೆಯಂತೆ. ಬೆಳಗಿನಿಂದ ಸಂಜೆಯವರೆಗೆ ನಾನು ಅಳೆಯುವ, ನನ್ನ ದುಪಟ್ಟಾಕ್ಕೆ ಅಂಟಿ ಬರುವ ಅದೇ ವಸ್ತು. ಹಾಗಾದರೆ ತುಪ್ಪ ತಿನ್ನಬೇಕೇ ಎಂದು ಕೇಳಿದೆ. ಅವರು ನಕ್ಕರು. ತುಪ್ಪದಲ್ಲಿರುವುದು ಮೇಲಿನ ಕರುಳಿನಲ್ಲೇ ಅರಗಿ ಹೋಗುತ್ತದೆ, ಅಷ್ಟು ಕೆಳಗೆ ಇಳಿಯುವುದಿಲ್ಲ. ಅಲ್ಲಿಗೆ ಬೇಕಾದ್ದು ಅಲ್ಲೇ ತಯಾರಾಗಬೇಕು. ರಾಗಿ, ಕಾಳು, ಸೊಪ್ಪಿನಲ್ಲಿ ನಮಗೆ ಅರಗದೆ ಉಳಿಯುವ ನಾರು, ಪಿಷ್ಟ ಕೆಳಗೆ ಹೋದಾಗ ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಬರಿಸಿ ಈ ಆಮ್ಲ ಮಾಡಿಕೊಡುತ್ತವೆ. ನನ್ನಂಥವರಲ್ಲಿ ಆ ಬ್ಯಾಕ್ಟೀರಿಯಾಗಳು ಕಡಿಮೆಯಾಗಿರುವುದುಂಟು. ಅದು ಕಾಯಿಲೆಗೆ ಕಾರಣವೋ ಕಾಯಿಲೆಯಿಂದ ಆದದ್ದೋ ಇನ್ನೂ ಖಚಿತವಿಲ್ಲ. ರಕ್ತ ನಿಲ್ಲುವ ತನಕ ಮೆತ್ತಗಿನ ಊಟ, ನಿಂತ ಮೇಲೆ ರಾಗಿ, ಕಾಳು ಒಂದೊಂದಾಗಿ ಸೇರಿಸಿಕೊಳ್ಳಿ, ಆದರೆ ಊಟವನ್ನೇ ಔಷಧಿ ಅಂದುಕೊಂಡು ಮಾತ್ರೆ ಬಿಡಬೇಡಿ ಎಂದು ಕಳಿಸಿದರು.

ಮನೆಯಲ್ಲಿ ಇದಕ್ಕೆ ಒಂದೇ ಹೆಸರು: ಹೊಟ್ಟೆ ಸರಿಯಿಲ್ಲ. ಬಂದವರು ಕೇಳಿದರೂ ಅಷ್ಟೆ, ದೇವರಿಗೆ ಹರಕೆ ಹೊತ್ತಾಗಲೂ ಅಷ್ಟೆ. ನಾನೂ ಹಾಗೇ ಹೇಳುತ್ತಿದ್ದೆ. ನನಗೆ ಅದು ಅನುಕೂಲವೂ ಆಗಿತ್ತು. ನನ್ನ ವಿಷಯವನ್ನು ಹತ್ತು ಜನ ಆಡಿಕೊಳ್ಳುವುದು ನನಗೆ ಸೇರುವುದಿಲ್ಲ. ಬಟ್ಟೆ ಒಗೆಯುತ್ತಿದ್ದ ಅವ್ವನಿಗೆ ಮಾತ್ರ ಎಲ್ಲ ಗೊತ್ತಿತ್ತು. ಅವಳೂ ಬಾಯಿ ಬಿಡಲಿಲ್ಲ.

ಮಾತ್ರೆಯಿಂದ ರಕ್ತ ನಿಂತಿತು. ಮದ್ದೂರಿನ ಕೋಣೆಯಲ್ಲಿ ನಾನು ಒಂದು ಸಣ್ಣ ಮುದ್ದೆ ಮಾಡಿಕೊಂಡು ಬಸ್ಸಾರಿನ ಜೊತೆ ಉಣ್ಣಲು ಶುರುಮಾಡಿದೆ. ಏನೂ ಆಗಲಿಲ್ಲ. ಹೆಸರುಕಾಳು ಸೇರಿಸಿದೆ. ಏನೂ ಆಗಲಿಲ್ಲ. ಊರಿನಲ್ಲಿ ಮಾತ್ರ ನನ್ನ ತಟ್ಟೆಗೆ ಮುದ್ದೆ ಬೀಳುತ್ತಿರಲಿಲ್ಲ.

"ರಾಗಿ ಒರಟು ಕಣಮ್ಮಿ. ಹುಣ್ಣು ಕೆರ್ದಂಗಾಯ್ತದೆ," ಎನ್ನುತ್ತಿದ್ದಳು ಅತ್ತೆ. ಅನ್ನ ಬಡಿಸಿ ಮೇಲೆ ತುಪ್ಪ ಸುರಿಯುತ್ತಿದ್ದಳು.

ಅತ್ತೆಯ ತುಪ್ಪಕ್ಕೆ ನಮ್ಮ ಬೀದಿಯಲ್ಲಿ ಹೆಸರಿದೆ. ದಿನಾ ಕಡೆದ ಬೆಣ್ಣೆಯನ್ನು ಗಡಿಗೆಯಲ್ಲಿ ಹಾಕಿ, ಅದು ಮುಳುಗುವಷ್ಟು ಮಜ್ಜಿಗೆ ಬಿಟ್ಟು, ವಾರಕ್ಕೊಮ್ಮೆ ಕಾಯಿಸುವುದು ಅವಳ ಕ್ರಮ. ಮಂಗಳವಾರ, ಶುಕ್ರವಾರ ಬೆಣ್ಣೆ ಒಲೆಗೆ ಇಡುವುದಿಲ್ಲ. ನೊರೆ ಅಡಗಿದ ಮೇಲೆ ಒಂದು ವೀಳ್ಯದೆಲೆ, ಚಿಟಿಕೆ ಉಪ್ಪು. ಬಾಣಂತಿ ಇರುವ ಮನೆಯವರು ಲೋಟ ಹಿಡಿದು ಬರುತ್ತಾರೆ, ಅತ್ತೆ ದುಡ್ಡು ಮುಟ್ಟುವುದಿಲ್ಲ.

ಒಂದು ಭಾನುವಾರ ಅವಳು ಫೋನಿನಲ್ಲಿ ಯಾವುದೋ ವಿಡಿಯೋ ನೋಡಿಕೊಂಡು ನನ್ನ ಪಕ್ಕ ಬಂದು ಕೂತಳು.

"ತುಪ್ಪದೊಳಗೆ ಅದೆಂತದೋ ಆಸಿಡ್ಡು ಅದಂತಲ್ಲ? ಕರುಳ್ಗೆ ಬಲು ಒಳ್ಳೇದಂತೆ. ಬಿಳೀ ಕೋಟ್ ಆಕಂಡಿರೋನು ಯೋಳ್ತಾವ್ನೆ."

"ಅದೆ ಅತ್ತೆ. ಆದ್ರೆ ತಿಂದ ತುಪ್ಪದ್ದು ದೊಡ್ಡ ಕರುಳ್‌ಗಂಟ ಓಗಲ್ಲ. ಮ್ಯಾಗಡೇನೆ ಅರಗೋಯ್ತದೆ."

"ನಿನ್ ಮೈಯಿಂದ ಬತ್ತದಲ್ಲ ವಾಸ್ನೆ, ಅದೇ ತಾನೆ ಅದು?"

"ಅದೇ."

"ಬೆಣ್ಣೆ ಬಾಳ ದಿನ ಮಡಗ್ಬುಟ್ರೆ ಬರೋದೂ ಅದೇಯಾ?"

"ಅದೇ."

ಅತ್ತೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎದ್ದು ಹೋದಳು. ನನ್ನ ಮೊದಲ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಉಳಿದ ಎರಡು 'ಅದೇ'ಗಳು ಚೆನ್ನಾಗಿ ಬಿದ್ದಿದ್ದವು.

ವಾಸನೆ ಹೆಚ್ಚಿದಷ್ಟೂ ಔಷಧಿ ಹೆಚ್ಚು ಎಂದು ಅವಳು ಲೆಕ್ಕ ಹಾಕಿದ್ದಳು. ಬೆಣ್ಣೆಯ ಬುಡ ಬಲ್ಲವಳು, ವಾರ ಮೀರಿದರೆ ಬೆಣ್ಣೆ ಕೆಡುತ್ತದೆ ಎಂದು ಬೀದಿಯ ಸೊಸೆಯಂದಿರಿಗೆಲ್ಲ ಬೈದವಳು, ನನಗಾಗಿ ಒಂದು ಬೇರೆ ಗಡಿಗೆ ಇಟ್ಟಳು. ಅದಕ್ಕೆ ಮಜ್ಜಿಗೆ ಬಿಡಲಿಲ್ಲ. ರೇಷ್ಮೆ ಹುಳುವಿನ ಮನೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ವಾರಗಟ್ಟಲೆ ಇಟ್ಟಳು. ಆಮೇಲೆ ಮೆಣಸು ಕುಟ್ಟಿ ಹಾಕಿ, ವೀಳ್ಯದೆಲೆ ಕೈತುಂಬ ಹಾಕಿ ಕಾಯಿಸಿ, ಬಾಟಲಿಗೆ ತುಂಬಿ, "ಬೆಳಿಗ್ಗೆ ಖಾಲಿ ಒಟ್ಟೇಲಿ ಒಂದ್ ಚಮ್ಚ," ಎಂದು ನನ್ನ ಚೀಲಕ್ಕೆ ಹಾಕಿದಳು.

ಮದ್ದೂರಿನಲ್ಲಿ ಮುಚ್ಚಳ ತೆರೆದ ತಕ್ಷಣ ನನಗೆ ಗೊತ್ತಾಯಿತು. ದಿನವಿಡೀ ಅದರ ಜೊತೆಗಿರುವ ಮೂಗು ಇದು. ಬೇಜಾರಿಗಿಂತ ಮೊದಲು ಕುತೂಹಲ ಬಂತು. ಸ್ವಲ್ಪವನ್ನು ಸಣ್ಣ ಸೀಸೆಯಲ್ಲಿ ಲ್ಯಾಬಿಗೆ ಒಯ್ದೆ. ಊಟದ ಬಿಡುವಿನಲ್ಲಿ ಅದರಲ್ಲಿ ಬಿಡಿಯಾಗಿರುವ ಆಮ್ಲ ಎಷ್ಟೆಂದು ಅಳೆದೆ. ಹನಿ ಹಾಕುತ್ತಲೇ ಹೋದೆ, ಬಣ್ಣ ತಿರುಗುತ್ತಲೇ ಇಲ್ಲ, ಅಷ್ಟು ಆಮ್ಲ ಬಿಡಿಯಾಗಿತ್ತು. ಟ್ಯಾಂಕರಿನಲ್ಲಿ ಅಂಥ ತುಪ್ಪ ಬಂದಿದ್ದರೆ ಗೇಟಿನಿಂದಲೇ ವಾಪಸ್ಸು ಹೋಗುತ್ತಿತ್ತು.

ಅದೇ ಸಂಜೆ ಮಾತ್ರೆ ತೆಗೆದುಕೊಳ್ಳಲು ಚೀಲಕ್ಕೆ ಕೈ ಹಾಕಿದರೆ ಮಾತ್ರೆಯ ಪಟ್ಟಿಗಳು ಇರಲಿಲ್ಲ. ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದು ನೋಡಿದೆ. ಇರಲಿಲ್ಲ. ಬೇರೆ ಮಾತ್ರೆಗಳನ್ನು ಮದ್ದೂರಿನಲ್ಲೇ ಕೊಂಡುಕೊಂಡೆ. ಬಾಟಲಿ ಹಾಕಿದ ಕೈಯೇ ಅವನ್ನು ತೆಗೆದಿರಬೇಕು ಎಂದುಕೊಂಡು, ಅಂಗಡಿಯವನು ಕೊಟ್ಟ ಚಿಲ್ಲರೆಯನ್ನೂ ಎಣಿಸದೆ ಬಂದೆ. ಸಿಟ್ಟಿಗೆ.

ಮುಂದಿನ ಶನಿವಾರ ಮನೆಗೆ ಹೋದವಳೇ ಕೇಳಿದೆ.

"ಮಾತ್ರೆ ತಗ್ದೆ ಕಣಮ್ಮಿ. ತುಪ್ಪ ಇರ್ಬೇಕಾದ್ರೆ ಅವೆಂತಕ್ಕೆ? ಇಂಗ್ಲೀಸ್ ಮಾತ್ರೆ ತಿಂದು ತಿಂದು ಬಣ್ಣ ಎಂಗೆ ಕಪ್ಪಿಟ್ಟೋಗದೆ ನೋಡು."

"ನಿನ್ ತುಪ್ಪಾನ ನಮ್ ಲ್ಯಾಬಲ್ಲಿ ನೋಡ್ದೆ ಅತ್ತೆ. ಕೆಟ್ಟೋಗದೆ. ನಮ್ ಕಾರ್ಖಾನೆಗೆ ಬಂದಿದ್ರೆ ವಾಪಸ್ ಕಳಿಸ್ತಿದ್ವಿ."

ಒಲೆಯ ಹತ್ತಿರ ನಿಂತಿದ್ದ ಅವ್ವ ಸೌಟು ಕೆಳಗಿಟ್ಟಳು. ಅತ್ತೆ ನನ್ನನ್ನೇ ನೋಡಿದಳು. ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

"ನನ್ ತುಪ್ಪ ವಾಪಸ್ ಕಳಿಸ್ತೀಯಾ? ನನ್ ತುಪ್ಪವ? ನಿನ್ ಅವ್ವನ ಬಾಣಂತನ ಮಾಡಿದ ಕೈ ಇದು. ಓದ್ಸಿದ್ದು ಎಚ್ಚಾಯ್ತು ನಿಂಗೆ." ನನ್ನ ತಟ್ಟೆಗೆ ಬಡಿಸದೆ ಎದ್ದುಹೋದಳು.

ಕೆಟ್ಟದ್ದನ್ನು ಕೆಟ್ಟದ್ದು ಎಂದದ್ದಕ್ಕೆ ನಾನು ಕ್ಷಮೆ ಕೇಳಲಿಲ್ಲ. ಇವತ್ತಿಗೂ ಕೇಳುವುದಿಲ್ಲ. ಅಡುಗೆಮನೆಗೆ ಹೋಗಿ, ಉಳಿದವರಿಗೆಂದು ಮಾಡಿದ್ದ ಮುದ್ದೆಯಲ್ಲಿ ಒಂದು ತುಂಡು ಮುರಿದುಕೊಂಡು, ಸೊಪ್ಪಿನ ಸಾರು ಬಿಟ್ಟುಕೊಂಡು, ಎಲ್ಲರಿಗೂ ಕಾಣುವ ಹಾಗೆ ನಡುಮನೆಯಲ್ಲಿ ಕೂತು ಉಂಡೆ.

ಅದರ ಮರುವಾರ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಭಾನುವಾರ ಮಧ್ಯಾಹ್ನ. ಅಪ್ಪ ಜಗಲಿಯ ಮೇಲೆ ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪನ್ನು ಕತ್ತರಿಸುತ್ತಿದ್ದ. ಅತ್ತೆ, ಎದುರು ಮನೆಯ ಹೆಂಗಸು ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಫೋನು ಬಡಿಯಿತು. ಕಾರ್ಖಾನೆಯ ಮ್ಯಾನೇಜರು.

"ಏನಮ್ಮ, ನಿಮ್ ತಂದೆಯೋರು ಫೋನ್ ಮಾಡಿದ್ರು. ಮಗಳು ಕೆಲ್ಸ ಬುಡ್ತಾಳೆ, ಬೇರೆಯೋರ್ನ ನೋಡ್ಕಳಿ ಅಂದ್ರು. ನಿಜ್ವಾ?"

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಸೊಪ್ಪಿನ ಕಡೆ ನೋಡಿದ. ಅತ್ತೆಯ ಕೈಯಲ್ಲಿದ್ದ ಕಾಯಿ ಸುಲಿಯದೆ ನಿಂತಿತ್ತು.

"ಸುಳ್ಳು ಸಾರ್. ನಾನು ಬಿಡ್ತಿಲ್ಲ."

"ಮತ್ತೆ ಹುಷಾರಿಲ್ಲ ಅಂದ್ರಲ್ಲ. ಏನಾಗದೆ?"

ಹೊಟ್ಟೆ ಸರಿಯಿಲ್ಲ ಎಂದು ಹೇಳಿಬಿಡಬಹುದಿತ್ತು. ಬಾಯಿಯವರೆಗೆ ಬಂದೂ ಇತ್ತು. ಎದ್ದು ಹಿತ್ತಲಿಗೆ ಹೋಗಿ ಮಾತಾಡಬಹುದಿತ್ತು. ಆದರೆ ನಾನು ಮುಚ್ಚಿಟ್ಟದ್ದನ್ನೇ ಹಿಡಿದುಕೊಂಡು ಇವರು ನನ್ನ ಕೆಲಸ ಕಿತ್ತುಕೊಳ್ಳಲು ಹೊರಟಿದ್ದರು. ಏನಾಗಿದೆ ಎಂದು ಯಾರಿಗೂ ಗೊತ್ತಿಲ್ಲದಿರುವಾಗ ಯಾರು ಏನು ಬೇಕಾದರೂ ಹೇಳಬಹುದು. ಕೂತಲ್ಲೇ, ಇದ್ದ ದನಿಯಲ್ಲೇ ಹೇಳಿದೆ.

"ದೊಡ್ಡ ಕರುಳಲ್ಲಿ ಹುಣ್ಣಾಗೋ ಕಾಯಿಲೆ ಸಾರ್. ಜಾಸ್ತಿ ಆದಾಗ ರಕ್ತಭೇದಿ ಆಗುತ್ತೆ, ತಡೆಯೋಕೆ ಆಗಲ್ಲ. ಈಗ ಮಾತ್ರೆಯಿಂದ ಹಿಡಿತದಲ್ಲಿದೆ. ಯಾರಿಗೂ ಅಂಟಲ್ಲ. ಕೆಲಸಕ್ಕೆ ತೊಂದ್ರೆ ಇಲ್ಲ. ಒಂದೇ ಒಂದು, ಹೆಂಗಸರ ಟಾಯ್ಲೆಟ್ ಕೀ ಗೇಟಿನವರ ಹತ್ರ ಇರುತ್ತೆ. ಪ್ರತಿ ಸಲ ಅಲ್ಲಿಗೆ ಹೋಗಿ ಕೇಳೋಕೆ ನನ್ನ ಕೈಲಿ ಆಗಲ್ಲ. ಒಂದು ಕೀ ನನ್ನ ಹತ್ರ ಇರಬೇಕು."

"ಮಾಡಿಸ್ಕಳಿ, ಅದ್ಕೇನಂತೆ," ಎಂದರು ಮ್ಯಾನೇಜರು. "ನಮ್ ಬಾಮೈದುನ್ಗೂ ಅದೆಂತದೋ ಇಂಗೇ ಅದೆ. ನಾಳೆ ಟ್ಯಾಂಕರ್ ಬತ್ತದೆ, ಒಸಿ ಬೇಗ ಬನ್ನಿ."

ಫೋನು ಇಟ್ಟೆ. ಎದುರು ಮನೆಯ ಹೆಂಗಸು ಮೊರದೊಳಗೆ ಮುಖ ಹುದುಗಿಸಿದಂತೆ ಕೂತಿದ್ದಳು, ಕಿವಿ ಮಾತ್ರ ನಮ್ಮ ಕಡೆಗೇ ಇತ್ತು.

"ಮಾನ ಮರ್ವಾದೆ ಇಲ್ವೇನಮ್ಮಿ ನಿಂಗೆ?" ಅತ್ತೆಯ ದನಿ ಏರಿತ್ತು. "ಗಂಡಸ್ರ ತಾವ ಹೇಲೋ ಉಯ್ಯೋ ಕತೆಯ ಯೋಳ್ಕಂಡು ಕುಂತೀಯಲ್ಲ."

"ಇರೋದ್ನ ಹೇಳ್ದೆ."

ಅಪ್ಪ ಕುಡುಗೋಲು ಕೆಳಗಿಟ್ಟ. "ನಿನ್ ಒಳ್ಳೇದುಕ್ಕೇ ಕಣವ್ವ ಫೋನ್ ಮಾಡಿದ್ದು. ದಿನಾ ಆ ಆಸಿಡ್ಡು ಮೂಸಿ ಮೂಸಿ ಕರುಳು ಸುಟ್ಟೋಗದೆ ಅಂತ ಅಕ್ಕ ಅಂತು. ಊರಲ್ಲೇ ಇದ್ರೆ ವಾಸಿ ಆಯ್ತದೆ ಅಂತ."

"ಆ ಆಸಿಡ್ಡೂ ಅತ್ತೆ ಬಾಟ್ಲೀಲಿ ಕೊಟ್ಟಿದ್ದೂ ಒಂದೇ ಅಪ್ಪ. ಅಲ್ಲಿ ಮೂಸಿದ್ರೆ ಕರುಳು ಸುಡ್ತದೆ, ಇಲ್ಲಿ ನುಂಗಿದ್ರೆ ವಾಸಿಯಾಯ್ತದೆ ಅಂದ್ರೆ ಎಂಗೆ?"

ಅಪ್ಪ ಅಕ್ಕನ ಮುಖ ನೋಡಿದ. ಅತ್ತೆ ತಡವರಿಸಲಿಲ್ಲ.

"ಅದು ಕಾರ್ಖಾನೇದು. ಇದು ನಮ್ ಕೊಟ್ಗೆ ಅಸೂಂದು."

ಎದುರು ಮನೆಯವಳಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದಂತೆ ಮಾಡಿದಳು. ನನಗೂ ನಗು ಬಂದಿರಬೇಕು, ಆದರೆ ನಗಲಿಲ್ಲ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರೆ ಎಲ್ಲ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

"ತುಪ್ಪಕ್ಕೂ ನನ್ ಹುಣ್ಣಿಗೂ ಸಂಬಂಧ ಇಲ್ಲ ಅತ್ತೆ. ಲ್ಯಾಬಿಗೂ ಇಲ್ಲ. ಕರುಳಿಗೆ ಬೇಕಾದ್ದ ಕರುಳೇ ಒಳಗೆ ಮಾಡ್ಕತದೆ, ನಾನು ಮುದ್ದೆ ಉಂಡ್ರೆ, ಕಾಳು ಉಂಡ್ರೆ. ಹುಣ್ಣು ನೋಡ್ಕಳೋಕೆ ಮಾತ್ರೆ ಅವೆ. ನನ್ ಮಾತ್ರೆ ಎಲ್ಲಿ ಮಡಗಿದ್ದೀಯ, ಕೊಡು."

"ಕೊಡಕಿಲ್ಲ ಅಂದ್ರೆ?"

"ಇನ್ನೊಂದ್ಸಲ ತಕತೀನಿ. ಅವುನ್ನೂ ತಗದ್ರೆ ಇನ್ನೊಂದ್ಸಲ. ಈ ಮನೆಗೆ ಬರೋದ್ನ ಬುಡ್ತೀನಿ, ಮಾತ್ರೆ ಬುಡಲ್ಲ, ಕೆಲ್ಸ ಬುಡಲ್ಲ."

ಬರುವುದನ್ನು ಬಿಡುತ್ತೇನೆ ಎಂಬ ಮಾತು ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ನೋಡಿದರೆ ಅದು ನಿಜವಾಗಿತ್ತು. ಅಪ್ಪನ ಮುಖ ಸಣ್ಣದಾಯಿತು. ನಾನು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಗ ಅವ್ವ ಹೊಸ್ತಿಲ ಹತ್ತಿರ ಬಂದು ನಿಂತಳು. ಅತ್ತೆಯ ಎದುರು ಅವ್ವ ದನಿ ಎತ್ತಿದ್ದನ್ನು ನಾನು ನೋಡಿಲ್ಲ, ಆವತ್ತೂ ಎತ್ತಲಿಲ್ಲ.

"ಅವಳ ಬಟ್ಟೆ ಒಗ್ದೋಳು ನಾನು. ಎಷ್ಟ್ ರಕ್ತ ಓಯ್ತಿತ್ತು ಅಂತ ನಿಮ್ಗ್ಯಾರ್ಗೂ ಗೊತ್ತಿಲ್ಲ ಅತ್ಗೆ. ಮಾತ್ರೆ ತಕಂಡ್ ಮ್ಯಾಕೆ ನಿಂತದೆ. ಕರುಳು ಅವಳ್ದು. ಬುಡಿ."

ಅಷ್ಟು ಹೇಳಿ ಒಳಗೆ ಹೋದಳು. ಅಕ್ಕಿ ಡ್ರಮ್ಮಿನ ಮುಚ್ಚಳ ಸದ್ದಾಯಿತು. ಮಾತ್ರೆಯ ಪಟ್ಟಿಗಳನ್ನು ತಂದು ನನ್ನ ಕೈಗೆ ಕೊಟ್ಟಳು. ಅವುಗಳ ಮೇಲಿನ ಅಕ್ಕಿ ಧೂಳನ್ನು ಸೆರಗಿನಲ್ಲಿ ಒರೆಸಿದ್ದಳು. ಎಲ್ಲಿವೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಅದನ್ನು ನಾನು ಕೇಳಲಿಲ್ಲ.

ಅತ್ತೆ ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಇಂದಿಗೂ ನನಗೆ ನೇರವಾಗಿ ಏನೂ ಹೇಳುವುದಿಲ್ಲ. "ಅವ್ಳಿಗೆ ಉಣ್ಣಕ್ಕೆ ಯೋಳು," ಎಂದು ನಾನು ಎದುರಿಗೆ ಕೂತಿದ್ದರೂ ಅವ್ವನಿಗೆ ಹೇಳುತ್ತಾಳೆ. ತುಪ್ಪದ ಬಟ್ಟಲನ್ನು ನನ್ನ ತಟ್ಟೆ ದಾಟಿಸಿ ಮುಂದಕ್ಕೆ ಒಯ್ಯುತ್ತಾಳೆ. ನಾನೂ ಕೇಳುವುದಿಲ್ಲ. ಅವಳು ನನ್ನ ಮೇಲಿನ ಪ್ರೀತಿಗೇ ಇಷ್ಟೆಲ್ಲ ಮಾಡಿದಳು ಎಂದು ಗೊತ್ತಿದೆ. ಪ್ರೀತಿಗೆ ಮಾಡಿದ್ದಾದರೂ ನನ್ನ ಚೀಲಕ್ಕೆ ಕೈ ಹಾಕುವ ಹಕ್ಕು ಅವಳಿಗೆ ಬರುವುದಿಲ್ಲ ಎಂಬುದೂ ನನಗೆ ಅಷ್ಟೇ ಚೆನ್ನಾಗಿ ಗೊತ್ತಿದೆ.

ಆ ಜಗಳದ ಮರುದಿನ, ಸೋಮವಾರ ಬೆಳಿಗ್ಗೆ ಬಸ್ಸಿಗೆ ನಿಂತಾಗ ಊರಿಗೆಲ್ಲ ಸುದ್ದಿ ಹೋಗಿತ್ತು. ಎದುರು ಮನೆಯವಳು ಅದನ್ನು ಒಂದು ಸಂಜೆಯೊಳಗೆ ಬೀದಿಯ ಆ ತುದಿ ಮುಟ್ಟಿಸಿದ್ದಳು. ಟೀ ಅಂಗಡಿಯ ಬೆಂಚಿನ ಮೇಲಿದ್ದವರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಹಾಲಿನ ಕ್ಯಾನು ಹಿಡಿದಿದ್ದ ಒಬ್ಬ ವಯಸ್ಸಾದ ಹೆಂಗಸು ಮಾತ್ರ ಸುತ್ತು ಬಳಸದೆ ನೇರ ಬಂದಳು.

"ಏನವ್ವ, ಕರುಳಲ್ಲಿ ಹುಣ್ಣಂತೆ? ರಕ್ತ ಓಯ್ತದಂತೆ?"

ಬೆಂಚಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮುಖ ಬಿಸಿಯಾಯಿತು. ಇಷ್ಟು ವರ್ಷ ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅದು ನಡುಬೀದಿಯಲ್ಲಿ ನಡೆಯುತ್ತಿತ್ತು. ಆದರೂ ಕಾಲ ಕೆಳಗಿನ ನೆಲ ಇದ್ದ ಹಾಗೇ ಇತ್ತು.

"ಓಯ್ತಿತ್ತು ಅಜ್ಜಿ. ಈಗ ನಿಂತದೆ. ಮಾತ್ರೆ ತಕತಿದೀನಿ."

"ಮದ್ವೆ ಎಂಗವ್ವ ಆಯ್ತದೆ ಇನ್ನು?"

"ಕೇಳ್ಕಂಡು ಬಂದೋರ್ಗೂ ಇದ್ನೇ ಹೇಳ್ತೀನಿ. ಇಷ್ಟ ಇದ್ರೆ ಕುಂತ್ಕತಾರೆ, ಇಲ್ದಿದ್ರೆ ಟೀ ಕುಡ್ಕಂಡು ಓಯ್ತಾರೆ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹತ್ತಿರ ಬಂದು, ಬೆಂಚಿನ ಕಡೆ ಬೆನ್ನು ಮಾಡಿ, ದನಿ ತಗ್ಗಿಸಿದಳು. "ನಂಗೂ ಓಯ್ತದೆ ಕಣವ್ವ. ವರ್ಸ ಆಯ್ತು. ಯಾರ್ಗೂ ಯೋಳಿಲ್ಲ. ನೀನು ಯಾವ ಡಾಕ್ಟ್ರ ತಾವ ಓಯ್ತೀಯೆ?"

ಮಂಡ್ಯದಲ್ಲಿ ಎಲ್ಲಿ, ಯಾವ ವಾರ ಎಂದು ಹೇಳಿದೆ. ಒಬ್ಬಳೇ ಹೋಗಬೇಡ, ನಾನೇ ಕರೆದುಕೊಂಡು ಹೋಗುತ್ತೇನೆ, ಕಾರಣ ಏನೆಂದು ನೋಡಿಸದೆ ತುಪ್ಪ ಗಿಪ್ಪ ಕುಡಿಯಬೇಡ ಎಂದೆ. ಅಜ್ಜಿ ತಲೆಯಾಡಿಸಿದಳು.

ಬಸ್ಸು ಬಂತು. ಹತ್ತಿ ಬಾಗಿಲ ಪಕ್ಕದ ಸೀಟಿನಲ್ಲಿ ಕೂತೆ. ಕಂಡಕ್ಟರು ಬಂದಾಗ, ಮಳವಳ್ಳಿಗೆ ಮುಂಚೆ ನಾನು ಹೇಳಿದರೆ ಒಂದೆರಡು ನಿಮಿಷ ಬಸ್ಸು ನಿಲ್ಲಿಸಬೇಕಾಗಬಹುದು ಎಂದೆ. ಯಾಕೆ ಎಂದು ಕೇಳಿದ.

ಹೇಳಿದೆ.